ಕುಡಿದು ಬಂದವನನ್ನು ರಾತ್ರಿಯೇ ಗೇಟಿನಾಚೆ ಬಿಡಬೇಡಿ ಅಣ್ಣಾ

ಅಣ್ಣಾ, ಕುಡಿತ, ಡ್ರಗ್ಸ್ ಬಿಟ್ಟವರು ಒಟ್ಟಿಗೆ ಉಳಿಯುವ ಮನೆ ನಡೆಸುವ ನೀವು "ಮೊನ್ನೆ ನಮ್ಮ ಮನೆಯ ಹುಡುಗನೊಬ್ಬ ಕುಡಿದು ಬಂದ, ರಾತ್ರಿ 11ಕ್ಕೇ ಬ್ಯಾಗ್ ಸಮೇತ ಆಚೆ ಕಳಿಸಿದೆ, ರೂಲ್ ಅಂದ್ರೆ ರೂಲ್" ಅಂತ ಬರೆದಿದ್ದೀರಿ. ಕೆಳಗೆ ಎಲ್ಲರೂ ಕೈ ಮುಗಿದಿದ್ದಾರೆ. ನಾನು ಮುಗಿಯಲ್ಲ. ಅಂಥದ್ದೇ ಮನೆ ನಡೆಸುತ್ತಾ ಇದೇ ತಪ್ಪು ಮಾಡಿ ಕೂತವನು ನಾನು.

ಮನೆ ಶುರುವಾಗಿ ಆರು ತಿಂಗಳಾಗಿತ್ತು. ಒಬ್ಬ ಪೇಂಟರ್ ಇದ್ದ, ನಾಲ್ಕು ತಿಂಗಳಿಂದ ಕುಡಿದಿರಲಿಲ್ಲ. ಶನಿವಾರ ಬಟವಾಡೆ ಆದ ರಾತ್ರಿ ತೂರಾಡುತ್ತಾ ಬಂದ. ಒಂದು ಕಾಲಿನ ಚಪ್ಪಲಿ ಬಾಗಿಲಲ್ಲಿ ಬಿಟ್ಟ, ಇನ್ನೊಂದನ್ನು ಹಾಕಿಕೊಂಡೇ ಅಡುಗೆಮನೆಗೆ ಬಂದು ನಿಂತ. ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಸಿಟ್ಟಲ್ಲ, ಹೆದರಿಕೆ. ಆ ವಾಸನೆಗೆ ನನ್ನ ಬಾಯಲ್ಲೇ ನೀರು ಬಂದಿತ್ತು. ಆಚೆ ಹಾಕಿದೆ. ಚಾರ್ಜಿಗೆ ಹಾಕಿದ್ದ ಅವನ ಮೊಬೈಲ್ ಇಲ್ಲೇ ಉಳಿಯಿತು. ಒಂಬತ್ತನೇ ದಿನ ಅದಕ್ಕೆ ಅವನ ತಂಗಿಯ ಫೋನ್ ಬಂತು. ಬಸ್ ಸ್ಟ್ಯಾಂಡಿನಲ್ಲಿ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡು ಬಿದ್ದಿದ್ದನಂತೆ. ವಾರವಿಡೀ ಕುಡಿದಿದ್ದಾನೆ, ಕಾಸು ಮುಗಿದಿದೆ, ಕುಡಿತ ದಿಢೀರ್ ನಿಂತಿದೆ, ಅದಕ್ಕೇ ಫಿಟ್ಸ್. ಬದುಕಿಕೊಂಡ, ಪುಣ್ಯ. ಇದರಲ್ಲಿ ನನ್ನ ರೂಲಿನ ಪಾಲೂ ಇದೆ ಅಲ್ವಾ?

ಅವತ್ತಿನಿಂದ ನಮ್ಮಲ್ಲಿ ಒಂದು ಹಾಳೆ ಇದೆ. ಸೇರುವ ದಿನವೇ ಅವನ ಕೈಯಲ್ಲೇ ಬರೆಸುತ್ತೇನೆ: "ನಾನು ಕುಡಿದರೆ ಎಲ್ಲಿಗೆ ಹೋಗುತ್ತೇನೆ?" ಮೂರು ಹೆಸರು, ಮೂರು ನಂಬರ್. ಯಾವ ಆಸ್ಪತ್ರೆ. ಜೊತೆಗೆ ಅಡ್ವಾನ್ಸಿನಿಂದ 1,500 ರೂಪಾಯಿ ಲಕೋಟೆಗೆ ಹಾಕಿ ಅದೇ ಹಾಳೆಗೆ ಪಿನ್ ಮಾಡುವುದು. ಹಣ ಅವನ ಕೈಗಲ್ಲ, ಕರೆದೊಯ್ಯಲು ಬಂದವರ ಕೈಗೆ. ಸುಮ್ನೆ "ಅಮ್ಮನ ಮನೆ" ಅಂತ ಬರೆದರೆ ಒಪ್ಪಬೇಡಿ, ಅವನ ಎದುರಲ್ಲೇ ಆ ಅಮ್ಮನಿಗೆ ಫೋನ್ ಮಾಡಿ ಕೇಳಿ. "ಬೇಡಪ್ಪಾ, ನಮ್ಮ ಮನೆಗೆ ಬೇಡ" ಅಂದವರೂ ಇದ್ದಾರೆ. ಅದು ಮೊದಲ ದಿನವೇ ಗೊತ್ತಾಗಲಿ.

ಕುಡಿದು ಬಂದ ರಾತ್ರಿ ಬುದ್ಧಿವಾದ ಬೇಡ. ಮುಂದಿನ ಕೋಣೆಯಲ್ಲಿ ಮಗ್ಗುಲಾಗಿ ಮಲಗಿಸಿ, ಒಬ್ಬರು ಎದ್ದಿರಿ. ಬೆಳಿಗ್ಗೆ ಹಾಳೆ ನೋಡಿ ಕಳಿಸಿ. ಹೋಗುವುದಂತೂ ಹೋಗಲೇಬೇಕು, ಅದರಲ್ಲಿ ನಿಮ್ಮ ರೂಲ್ ಸರಿ. ಕೈ ಎತ್ತಿದರೆ ಮಾತ್ರ ಮರುಮಾತಿಲ್ಲ, 112. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ 108. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಅಂತ ಕೂರಬೇಡಿ. ಬ್ರೌನ್ ಶುಗರ್ (ಹೆರಾಯಿನ್ ಡ್ರಗ್) ಬಿಟ್ಟು ಬಂದವರ ವಿಷಯದಲ್ಲಿ ಇನ್ನೂ ಜಾಸ್ತಿ ಹುಷಾರು. ತಿಂಗಳುಗಟ್ಟಲೆ ಬಿಟ್ಟವನು ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಹಾಗೆಯೇ, ನಿನ್ನೆವರೆಗೂ ದಿನಾ ಕುಡಿದವನನ್ನು ನೇರ ಮನೆಗೆ ಸೇರಿಸಿಕೊಳ್ಳಬೇಡಿ. ನಿಲ್ಲಿಸಿದ ಮೊದಲ 2 ದಿನ ಫಿಟ್ಸ್ ಭಯ. 2ರಿಂದ 4ನೇ ದಿನದೊಳಗೆ ಕೈ ನಡುಕ ಜಾಸ್ತಿಯಾಗಿ, ಗೋಡೆ ಮೇಲೆ ಹುಳ ಹರಿದಂತೆ ಕಾಣಬಹುದು. ಅದು ಪ್ರಾಣಕ್ಕೇ ಬರುತ್ತದೆ. ನಿಮ್ಹಾನ್ಸೋ ಜಿಲ್ಲಾಸ್ಪತ್ರೆಯೋ, ಡೀಟಾಕ್ಸ್ (ವೈದ್ಯರ ನಿಗಾದಲ್ಲಿ ಕುಡಿತ ನಿಲ್ಲಿಸುವ ಚಿಕಿತ್ಸೆ) ಮುಗಿಸಿದ ಚೀಟಿ ನೋಡಿಯೇ ಕೋಣೆ ಕೊಡಿ.

ನಿಮ್ಮ ರೂಲಿಗೆ ಅಮೆರಿಕದ ಆಕ್ಸ್‌ಫರ್ಡ್ ಹೌಸ್ ಅನ್ನುವ, ಕುಡಿತ ಬಿಟ್ಟವರ ಮನೆಗಳ ಹೆಸರು ಹೇಳಿದ್ದೀರಿ. 1975ರಲ್ಲಿ ಮೇರಿಲ್ಯಾಂಡಿನಲ್ಲಿ ಶುರುವಾದ ಆ ಮನೆಗಳಲ್ಲಿ ಕುಡಿದವನು ಹೊರಗೆ ಹೋಗುತ್ತಾನೆ ಅನ್ನುವುದು ನಿಜ. ಆದರೆ ಅದನ್ನು ಅಲ್ಲಿ ವಾಸ ಇರುವವರೇ ಓಟು ಹಾಕಿ ತೀರ್ಮಾನಿಸುತ್ತಾರೆ. ಬಾಡಿಗೆಯನ್ನೂ ಅವರೇ ಹಂಚಿಕೊಂಡು ಕಟ್ಟುತ್ತಾರೆ. ಗೇಟಿನ ಕೀಲಿ ಹಿಡಿದ ನಿಮ್ಮಂಥ ಯಜಮಾನ ಅಲ್ಲಿಲ್ಲ. ಕೀಲಿ ಅಂದಾಗ ನೆನಪಾಯಿತು. ಹೊರಗಿನಿಂದ ಬೀಗ ಹಾಕುವುದು, ನೀವೇ ಮಾತ್ರೆ ಕೊಟ್ಟು ಚಿಕಿತ್ಸೆ ಮಾಡುವುದು, ಇವೆರಡನ್ನೂ ಇವತ್ತೇ ಬಿಡಿ. ವ್ಯಸನದ ಚಿಕಿತ್ಸೆ ಕೊಡುವ ಜಾಗ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕೆಳಗೆ ನೋಂದಣಿ ಆಗಬೇಕು.

ಕಾಮೆಂಟಿನಲ್ಲಿ ಒಬ್ಬರು "ಗೊತ್ತಾಗದ ಹಾಗೆ ಸಾಂಬಾರಿಗೆ ಮಾತ್ರೆ ಹಾಕಿ" ಅಂದಿದ್ದಾರೆ. ಡೈಸಲ್ಫಿರಾಮ್ ತಾನೆ, ಕುಡಿದರೆ ಮೈಗೆ ಆಗದ ಹಾಗೆ ಮಾಡುವ ಮಾತ್ರೆ? ದಯವಿಟ್ಟು ಬೇಡ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಅದರ ಪ್ರಭಾವ ಇರಬಹುದು. ತಿಳಿಯದೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಬಿದ್ದು ಹೋಗಬಹುದು.

ಕುಡಿದಿದ್ದಾನಾ ಅಂತ ನೋಡಲು ಊದುವ ಮೀಟರ್ ತರುವುದಾದರೆ ಫ್ಯುಯೆಲ್ ಸೆಲ್ ಅನ್ನುವ ಸೆನ್ಸರ್ ಇರುವುದನ್ನೇ ತನ್ನಿ. ನಾನು ಮೊದಲು ತಂದ ಅಗ್ಗದ್ದು ಶುಗರ್ ಇದ್ದ ಒಬ್ಬರನ್ನು ಸುಮ್ಮನೆ ಕುಡುಕ ಮಾಡಿಬಿಟ್ಟಿತು, ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೌತ್‌ವಾಶ್ ಹಾಕಿದ್ದರೆ 15 ನಿಮಿಷ ಕಾದು ಮತ್ತೆ ಊದಿಸಿ. ಆಲ್ಕೋಹಾಲ್ ಇರುವ ಸ್ಯಾನಿಟೈಜರ್ ಮನೆಯಲ್ಲೇ ಬೇಡ, ಲೈಫ್‌ಬಾಯ್ ಸೋಪು ಸಾಕು. ಚಹಾಪುಡಿಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ನಾವು ಕಣ್ಣನ್ ದೇವನ್ ತರುತ್ತೇವೆ. ಸಂಜೆ 6ಕ್ಕೆ ಕೆಲಸದಿಂದ ಬಂದವನ ಕೈಗೆ ಸ್ಟ್ರಾಂಗ್ ಚಹಾ, ಜೊತೆಗೆ ಉಪ್ಪಿಟ್ಟೋ ಬಿಸಿ ಬೋಂಡವೋ. ಹೊಟ್ಟೆ ಖಾಲಿ ಇದ್ದಾಗಲೇ ವೈನ್ ಸ್ಟೋರ್ ಬೋರ್ಡು ಕಣ್ಣಿಗೆ ಬೀಳುವುದು.

ನಿಮ್ಮ ಹುಡುಗನಿಗೆ ಇವತ್ತೇ ಫೋನ್ ಮಾಡಿ ಅಣ್ಣಾ. ಎತ್ತದಿದ್ದರೆ ಅವನ ಮನೆಯವರಿಗೆ. ಎಲ್ಲಿದ್ದಾನೆ ಅಂತ ಗೊತ್ತಾದ ಮೇಲೆ ಇಲ್ಲಿ ಒಂದು ಮಾತು ಹಾಕಿ. ಹಾಳೆಯ ಫೋಟೋ ಬೇಕಿದ್ದರೆ ಹೆಸರು ಮುಚ್ಚಿ ಕಳಿಸುತ್ತೇನೆ.