ಅಡಿಕೆ ಹಾಳೆಯ ಟೊಪ್ಪಿ, ಅಂದರೆ ಮುಟ್ಟಾಳೆ, ಜನರಿಗೆ ಇನ್ನೂ ಯಾಕೆ ಇಷ್ಟ?

ಮೊದಲನೆಯದು ಉಪಯೋಗ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ತೋಟಗಳಲ್ಲಿ ಉದುರಿದ ಹಾಳೆಯನ್ನು (ಅಡಿಕೆ ಸೋಗೆಯ ಬುಡದ ಅಗಲವಾದ ಭಾಗ) ನೀರಲ್ಲಿ ನೆನೆಸಿ, ಮೆತ್ತಗಾದಾಗ ತಲೆಯ ಅಳತೆಗೆ ಮಡಚಿ ಹೊಲಿಯುತ್ತಾರೆ. ಒಣಗಿದ ಮೇಲೆ ಗಟ್ಟಿ, ಆದರೆ ಹಗುರ. ಬಿಸಿಲು ನೆತ್ತಿಗೆ ತಾಗುವುದಿಲ್ಲ; ಸೊಪ್ಪಿನ ಕಟ್ಟೋ ಗೊಬ್ಬರದ ಬುಟ್ಟಿಯೋ ಹೊತ್ತಾಗ ತಲೆಗೆ ಒತ್ತುವುದಿಲ್ಲ, ಕಸವೂ ಇರುವೆಯೂ ಕೂದಲಿಗೆ ಇಳಿಯುವುದಿಲ್ಲ. ತೋಟದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಟೊಪ್ಪಿ ನಾನು ಕಂಡಿಲ್ಲ. ಹರಿದರೆ ಗೊಬ್ಬರದ ಗುಂಡಿಗೆ ಹಾಕಿದರಾಯಿತು.

ಇನ್ನೊಂದು, ಗುರುತು. ಈಗ ತುಳುನಾಡಿನ ಸಮಾರಂಭಗಳಲ್ಲಿ ಅತಿಥಿಗಳ ತಲೆಗೆ ಮುಟ್ಟಾಳೆ ಇಟ್ಟು ಗೌರವಿಸುವುದುಂಟು. ದುಡಿಯುವವರ ಟೊಪ್ಪಿ ಪೇಟದ ಜಾಗಕ್ಕೆ ಬಂದದ್ದು ನನಗಂತೂ ತುಂಬ ಹೆಮ್ಮೆ. ಕೊಳ್ಳುವುದಾದರೆ ಹೊಲಿಗೆ ಬಿಗಿಯಾಗಿದೆಯೇ ನೋಡಿ. ಮಳೆಯಲ್ಲಿ ನೆನೆದರೆ ಚೆನ್ನಾಗಿ ಒಣಗಿಸಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.