ಆ ಕುರ್ಚಿಯಲ್ಲಿ ಕೂತವರೇ ಯಾಕೆ?

(ಡೊಂಬಿವಲಿಯ ಓದುಗರೊಬ್ಬರ ಪತ್ರ. ನಿವೃತ್ತ ಶಿಕ್ಷಕಿ, ಈಗ ಒಂದು ಕನ್ನಡ ಶಿಕ್ಷಣ ಸಂಸ್ಥೆಯ ಸಮಿತಿಯಲ್ಲಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ: "ವಿಶೇಷ ಅಗತ್ಯದ ಮಕ್ಕಳ ವಿಷಯದಲ್ಲಿ ನಮ್ಮ ಮುಖ್ಯೋಪಾಧ್ಯಾಯರಿಗೂ ಟ್ರಸ್ಟಿಗಳಿಗೂ ತರಬೇತಿ ಕೊಡಲು ಅನುಭವಿ ಪ್ರಿನ್ಸಿಪಾಲರನ್ನು ನೇಮಿಸೋಣ ಎಂದು ಸಮಿತಿ ಹೊರಟಿದೆ. ಇದು ಸ್ಪೆಷಲ್ ಎಜುಕೇಟರ್ (ಇಂಥ ಮಕ್ಕಳಿಗೆ ಕಲಿಸಲೆಂದೇ ತರಬೇತಿ ಪಡೆದ ಶಿಕ್ಷಕರು) ಕೆಲಸ ಅಲ್ವಾ? ರಿಟೈರ್ ಆದವರು ಬಂದು ತಮ್ಮ ಕಾಲದ ಕತೆ ಹೇಳಿ, ಶಾಲು ಹೊದ್ದುಕೊಂಡು ಹೋಗುತ್ತಾರೆ ಅಷ್ಟೆ. ನೀವೇನಂತೀರಿ?")

ನಮಸ್ಕಾರ ಟೀಚರ್,

ಶಾಲಿನ ಮಾತು ಓದಿ ನಕ್ಕುಬಿಟ್ಟೆ. ನಮ್ಮ ಮುಂಬಯಿ ಕನ್ನಡಿಗರ ಸಭೆಗಳಲ್ಲಿ ಭಾಷಣಕ್ಕಿಂತ ಸನ್ಮಾನಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ಆ ಭಯ ನನಗೂ ಇದೆ. ಆದರೂ ಈ ಸಲ ನಾನು ನಿಮ್ಮ ಸಮಿತಿಯ ಕಡೆ. ಯಾಕೆ ಅಂತ ಹೇಳಲು ನಮ್ಮ ಮನೆಯ ಕತೆಯನ್ನೇ ಹೇಳಬೇಕು.

ನನ್ನ ತಂಗಿಯ ಮಗ ಮೂರನೇ ತರಗತಿಗೆ ಬಂದರೂ ಒತ್ತಕ್ಷರ ಹಿಡಿಯುತ್ತಿರಲಿಲ್ಲ. 'ಅಕ್ಕ' ಎಂದು ಬಾಯಲ್ಲಿ ಸರಿಯಾಗಿ ಹೇಳುವವನು 'ಅಕ' ಎಂದು ಬರೆಯುತ್ತಿದ್ದ. ಶಾಲೆಯವರು ಹೇಳಿದ್ದು ಒಂದೇ: ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಕ್ಲಾಸಿನಲ್ಲಿ ಕನ್ನಡ, ಟ್ಯೂಷನ್ನಿನಲ್ಲಿ ಇಂಗ್ಲಿಷ್, ಹುಡುಗ ಕಲಸಿಕೊಂಡಿದ್ದಾನೆ, ತಾನಾಗಿ ಸರಿಹೋಗುತ್ತದೆ. ನಮ್ಮ ಊರಿನ ಮಕ್ಕಳ ವಿಷಯದಲ್ಲಿ ಈ ಮಾತು ಎಷ್ಟು ಸುಲಭ ನೋಡಿ! ನಾಲ್ಕು ಭಾಷೆಯಲ್ಲಿ ಗಲಗಲ ಮಾತಾಡುವ ಮಗುವಿಗೆ ಒಂದೂ ಭಾಷೆಯನ್ನು ಓದಲು ಬರುತ್ತಿಲ್ಲ ಎಂದರೆ ಕಾರಣ ಬೇರೆ ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಐದನೇ ತರಗತಿಯಲ್ಲಿ "ನಮ್ಮಲ್ಲಿ ಫೆಸಿಲಿಟಿ ಇಲ್ಲ" ಎಂದು ಎಲ್‌ಸಿ (ಶಾಲೆ ಬಿಡುವ ಸರ್ಟಿಫಿಕೇಟ್) ಕೈಗಿಟ್ಟರು. ಆಮೇಲೆ ಗೊತ್ತಾಯಿತು, ಆ ಶಾಲೆಗೆ ವಾರಕ್ಕೆ ಎರಡು ದಿನ ಸ್ಪೆಷಲ್ ಎಜುಕೇಟರ್ ಬರುತ್ತಿದ್ದರು. ಹುಡುಗನ ಬಗ್ಗೆ ಎರಡು ಪುಟ ಬರೆದೂ ಕೊಟ್ಟಿದ್ದರು. ಅದು ಮುಖ್ಯೋಪಾಧ್ಯಾಯರ ಡ್ರಾಯರಿನಲ್ಲಿತ್ತು. ಆ ಎಜುಕೇಟರಿನ ಪೀರಿಯಡ್‌ಗಳು ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸಿಗೆ ಹೋಗುತ್ತಿದ್ದವು.

ಮುಂದಿನ ಶಾಲೆಯ ಹೆಡ್‌ಮಿಸ್ಟ್ರೆಸ್ ಅದೇ ಎರಡು ಪುಟ ಓದಿದರು. ಟೈಮ್‌ಟೇಬಲ್ ತರಿಸಿದರು. ಪೆನ್ಸಿಲಿನಲ್ಲಿ ಎರಡು ಗೀಟು ಎಳೆದರು. ಅಷ್ಟೇ, ಅವನಿಗೆ ದಿನಕ್ಕೊಂದು ಪೀರಿಯಡ್ ಸಿಕ್ಕಿತು.

ಮಗುವಿಗೆ ಏನು ಬೇಕು ಎಂದು ಸ್ಪೆಷಲ್ ಎಜುಕೇಟರಿಗೆ ಗೊತ್ತು. ಆ ಪೆನ್ಸಿಲ್ ಮಾತ್ರ ಅವರ ಕೈಯಲ್ಲಿಲ್ಲ. ಅಡ್ಮಿಷನ್, ಟೈಮ್‌ಟೇಬಲ್, ಪರೀಕ್ಷೆಯ ಫಾರ್ಮ್, ಯಾವ ಕ್ಲಾಸು ಯಾವ ಮಾಳಿಗೆಯಲ್ಲಿ, ಎಲ್ಲ ಹೆಡ್ಡಿನ ಕೈಯಲ್ಲಿ. ಹೆಡ್ಡಿಗೆ ಇದನ್ನು ಹೇಳಿಕೊಡಲು ಆ ಕುರ್ಚಿಯಲ್ಲಿ ಕೂತು, ಟ್ರಸ್ಟಿಗಳ ಜೊತೆ ಗುದ್ದಾಡಿದವರೇ ಬೇಕು. ಬೇರೆಯವರು ಹೇಳಿದರೆ "ನಿಮಗೇನು ಗೊತ್ತು ನಮ್ಮ ಕಷ್ಟ" ಎಂಬ ಉತ್ತರ ರೆಡಿ ಇರುತ್ತದೆ.

ಕಲಿಸಲು ಬೇಕಾದಷ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದ ಮೇಲೆ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. 1995ರ ಕಾಯ್ದೆಯಲ್ಲಿ ಇದ್ದದ್ದು 7. ಕಲಿಕೆಯ ತೊಂದರೆ, ಆಟಿಸಂ ಎರಡೂ ಈಗ ಅದರೊಳಗೆ. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ಈ ಮಕ್ಕಳನ್ನು ಭೇದಭಾವವಿಲ್ಲದೆ ಸೇರಿಸಿಕೊಳ್ಳಬೇಕು ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. "ಫೆಸಿಲಿಟಿ ಇಲ್ಲ" ಎಂಬುದು ಅಲ್ಲಿ ನಡೆಯುವ ನೆಪವಲ್ಲ. ಪ್ರೈಮರಿಯಲ್ಲಿ ಇಂಥ 10 ಮಕ್ಕಳಿಗೆ, ಹೈಸ್ಕೂಲಿನಲ್ಲಿ 15 ಮಕ್ಕಳಿಗೆ ಒಬ್ಬ ಸ್ಪೆಷಲ್ ಎಜುಕೇಟರ್ ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ.

ಕಾಯ್ದೆಗಿಂತ ಕಾಗದಪತ್ರವೇ ಹೆಚ್ಚು ತಲೆನೋವು. ಓದುವ ತೊಂದರೆಯನ್ನು 8 ವರ್ಷದ ಸುಮಾರಿಗೆ ಖಚಿತವಾಗಿ ಹೇಳಬಹುದು. ನಮ್ಮ ಹೆಡ್ಡುಗಳು ಎಚ್ಚರಾಗುವುದು ಹತ್ತನೇ ಕ್ಲಾಸಿನಲ್ಲಿ, ಪ್ರಿಲಿಮ್ಸ್ ಮಾರ್ಕು ಬಂದ ಮೇಲೆ! ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರು ಬೇಕೆಂದರೆ ಸರ್ಟಿಫಿಕೇಟ್ ಬೇಕು. ಅದಕ್ಕೆ ಸಾಯನ್ ಆಸ್ಪತ್ರೆಯಂಥ ಕಡೆ ಕಣ್ಣು, ಕಿವಿ, ಬುದ್ಧಿ, ಓದು ಒಂದೊಂದಾಗಿ ನೋಡುತ್ತಾರೆ. ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ಇನ್ನೊಂದು ವಿಷಯ ನಮ್ಮವರಿಗೆ ಗೊತ್ತೇ ಇಲ್ಲ: ಮನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಡಿಸ್ಲೆಕ್ಸಿಯಾ, ಅಂದರೆ ಈ ಓದುವ ತೊಂದರೆಯನ್ನು ಗುರುತಿಸಲು 'ಡಾಲಿ' ಎಂಬ ಪರೀಕ್ಷೆ ಮಾಡಿದೆ. ಅದು ಹಿಂದಿ, ಮರಾಠಿಯ ಜೊತೆ ಕನ್ನಡದಲ್ಲೂ ಇದೆ. ಕನ್ನಡ ಮಾಧ್ಯಮದ ಮಗುವನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಫೇಲು ಮಾಡಬೇಕಾಗಿಲ್ಲ.

ಇನ್ನು ಯಾರನ್ನು ಆರಿಸಬೇಕು ಎಂಬ ಪ್ರಶ್ನೆ. ಇಲ್ಲಿ ನಿಮ್ಮ ಅನುಮಾನ ಪೂರ್ತಿ ಸರಿ. ಮೂವತ್ತು ವರ್ಷದ ಸರ್ವಿಸ್, ಎಸ್ಸೆಸ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಎಂದು ಬಯೋಡಾಟ ಬಂದರೆ ನಾನಾದರೆ ಮೊದಲು ಕೇಳುವುದು, ಒಂಬತ್ತನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದರು, ಹತ್ತರಲ್ಲಿ ಎಷ್ಟು ಉಳಿದರು? ನಡುವೆ ಜರಡಿ ಹಿಡಿದವರು ನಮಗೆ ಬೇಡ. ಕಷ್ಟದ ಒಂದು ಮಗುವನ್ನು ಉಳಿಸಿಕೊಂಡದ್ದು ಹೇಗೆ, ಉಳಿದ ಪಾಲಕರು ಗಲಾಟೆ ಮಾಡಿದಾಗ ಏನು ಹೇಳಿದಿರಿ, ಎಲ್ಲಿ ಸೋತಿರಿ ಎಂದು ಕೇಳಿ. ಸೋತದ್ದನ್ನು ಹೇಳುವವರು ಸಿಕ್ಕರೆ ಬಿಡಬೇಡಿ.

ಅವರ ಪಕ್ಕದಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಸ್ಪೆಷಲ್ ಎಜುಕೇಟರ್ ಕೂರಲೇಬೇಕು. ಮಗುವಿಗೆ ಏನಾಗಿದೆ ಎಂದು ಹೇಳುವುದು ಪ್ರಿನ್ಸಿಪಾಲರ ಕೆಲಸ ಅಲ್ಲ. ಹಾಲ್ ಬುಕ್ ಮಾಡಿ ಒಂದು ದಿನದ ಶಿಬಿರ ಬೇಡ. ಅವರವರ ಶಾಲೆಯಲ್ಲೇ, ಅವರವರ ಟೈಮ್‌ಟೇಬಲ್ ಮುಂದಿಟ್ಟುಕೊಂಡು, ತಿಂಗಳಿಗೆರಡು ಸಲ ಕೂರಲಿ. ಟ್ರಸ್ಟಿಗಳೂ ಕೂರಲಿ, ಚೆಕ್ಕಿಗೆ ಸಹಿ ಹಾಕುವವರು ಅವರೇ ತಾನೇ. ಸೇವೆ ಎಂದು ಹೇಳಿ ಸುಮ್ನೆ ದುಡಿಸಬೇಡಿ, ಸರಿಯಾದ ಸಂಭಾವನೆ ಕೊಡಿ. ಅರವತ್ತು ದಾಟಿದವರನ್ನು ಬೆಳಗಿನ ಎಂಟು ಗಂಟೆಯ ಫಾಸ್ಟ್ ಲೋಕಲ್ ಹತ್ತಿಸಬೇಡಿ ಮಾರಾಯ್ರೆ, ಮಧ್ಯಾಹ್ನ ಕರೆಯಿರಿ.

ಈ ನೇಮಕದ ಜಾಹೀರಾತನ್ನು ನಮ್ಮ ಪತ್ರಿಕೆಯಲ್ಲಿ ಹಾಕಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಖಂಡಿತ, ದುಡ್ಡು ಬೇಡ. ಮುಂದಿನ ಸಂಚಿಕೆಗೆ ಬೇಕಾದರೆ 20ನೇ ತಾರೀಕಿನೊಳಗೆ ಕಳಿಸಿ. ನಾನು ಮೇಲೆ ಬರೆದ ಪ್ರಶ್ನೆಗಳನ್ನು ಅದರಲ್ಲೇ ಸೇರಿಸಿ.

— ಸಂಪಾದಕ