‘ರೋಬೋಟ್ ಬಂದ್ರ ಏನ್ ಮಾಡೂದ್ರಿ?’

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹುಡುಗ, ತಂದೆ ಇಬ್ಬರೂ ಒಪ್ಪಿದ್ದಾರೆ.

ಆಪ್ತ ಸಲಹೆಗೆಂದು ನನ್ನ ಹತ್ತಿರ ಬಂದದ್ದು ವಿಜಯಪುರದ ಹುಡುಗ, ವಯಸ್ಸು 19. ಐಟಿಐನಲ್ಲಿ ಪ್ಲಂಬರ್ ಟ್ರೇಡ್. ಒಂದು ವರ್ಷದ ಕೋರ್ಸ್ ಮುಗಿಯಲು 4 ತಿಂಗಳಿದ್ದಾಗ ಕ್ಲಾಸಿಗೆ ಹೋಗುವುದನ್ನು ಬಿಟ್ಟಿದ್ದ. ರಾತ್ರಿ 2ರವರೆಗೆ ಮೊಬೈಲ್‌ನಲ್ಲಿ ರೋಬೋಟ್ ವಿಡಿಯೊ. ಊಟ ಸರಿಯಿಲ್ಲ. "ಏನ್ ಕೇಳಿದ್ರೂ ರೋಬೋಟ್ ಅಂತಾನ್ರೀ" ಎಂದು ತಾಯಿ ಕಣ್ಣೊರೆಸಿಕೊಂಡರು. ತಂದೆಯೂ ಪ್ಲಂಬರ್. ಮಗನ ಜೊತೆ ಮಾತೇ ನಿಲ್ಲಿಸಿದ್ದರು.

ಪ್ಲಂಬರ್ ಕೆಲಸವೂ ರೋಬೋಟ್ ಪಾಲಾಗುತ್ತದೆ ಎಂಬ ಭಯ ಅವನಿಗೆ. ಮೊದಲ ದಿನ ನಾನು ತಪ್ಪು ಮಾಡಿದೆ. "ಅದೆಲ್ಲ ನಮ್ಮೂರಿಗೆ ಎಲ್ಲಿ ಬರುತ್ತದೆ, ಚಿಂತೆ ಬಿಡು" ಎಂದೆ. ಅವನು ತಲೆ ತಗ್ಗಿಸಿ ಸುಮ್ಮನಾದ. ಭಯ ಹೇಳಿಕೊಂಡವನಿಗೆ ಅದು ಭಯವೇ ಅಲ್ಲ ಅಂದರೆ ಮತ್ತೆ ಯಾಕೆ ಬಾಯಿ ಬಿಡುತ್ತಾನೆ? ಮುಂದಿನ ವಾರ ಅವನ ಹತ್ತಿರ ಕ್ಷಮೆ ಕೇಳಿದೆ. "ಅಪ್ಪನ ಜೊತೆ ಕೊನೇ ಸಲ ಯಾವ ಕೆಲಸ ಮಾಡಿದೆ, ಅದನ್ನು ಹೇಳು" ಎಂದೆ.

ಹಳೇ ಮನೆ. ಗೋಡೆಯಲ್ಲಿ ತೇವ. ಪೈಪ್ ಎಲ್ಲಿ ಹಾದು ಹೋಗಿದೆ ಎಂದು ಮನೆಯವರಿಗೂ ಗೊತ್ತಿಲ್ಲ. ಅಪ್ಪ ಸ್ಕ್ರೂಡ್ರೈವರ್ ತುದಿಯನ್ನು ಪೈಪ್‌ಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದರಂತೆ. ಆಮೇಲೆ ಒಡೆದದ್ದು ತೇವ ಇದ್ದ ಜಾಗವನ್ನಲ್ಲ, ಅಲ್ಲಿಂದ ಎರಡು ಮೊಳ ಆಚೆ. ನೀರು ಪೈಪ್ ಗುಂಟ ಇಳಿದು ಬೇರೆ ಕಡೆ ಕಾಣಿಸಿಕೊಳ್ಳುತ್ತದೆ, ಅಲ್ವಾ. ಬೋರ್ ನೀರಿನ ಉಪ್ಪು ಕಟ್ಟಿ ಪೈಪ್ ಒಳಗೆ ಬೆರಳು ತೂರುವಷ್ಟೇ ಜಾಗ ಉಳಿದಿತ್ತು. "ಇನ್ನೊಂದ್ ಪಾನಾ ಹಿಂದ ಹಿಡ್ಕೋಬೇಕ್ರಿ. ಇಲ್ಲಾಂದ್ರ ಗ್ವಾಡಿ ಒಳಗಿನ ಎಲ್ಬೋ ತಿರಗಿ ಹೊಸಾ ಲೀಕ್ ಚಾಲೂ ಆಗ್ತದ." ಹೇಳುವಾಗ ಎಡಗೈ ಬಿಗಿಯಾಗಿ ನಿಂತಿತ್ತು, ಬಲಗೈ ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಿತ್ತು. ತಿಂಗಳಿಂದ ಮಾತಾಡದ ಹುಡುಗ ಇಪ್ಪತ್ತು ನಿಮಿಷ ಮಾತಾಡಿದ.

ಆಗ ನನಗೆ ತಿಳಿದದ್ದನ್ನು ಹೇಳಿದೆ. 1997ರಲ್ಲೇ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಚೆಸ್‌ನಲ್ಲಿ ಸೋಲಿಸಿತು. ಆದರೆ 2015ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ರೋಬೋಟ್ ಸ್ಪರ್ಧೆಯಲ್ಲಿ ದೊಡ್ಡ ದೊಡ್ಡ ತಂಡಗಳ ರೋಬೋಟ್‌ಗಳು ಬಾಗಿಲು ತೆರೆಯಲು ಹೋಗಿ ಬಿದ್ದವು. ನಮಗೆ ಕಷ್ಟ ಅನಿಸುವ ಲೆಕ್ಕ ಯಂತ್ರಕ್ಕೆ ಸುಲಭ, ಮಗುವಿಗೂ ಬರುವ ಹಿಡಿಯುವುದು, ನಡೆಯುವುದು ಯಂತ್ರಕ್ಕೆ ಕಷ್ಟ ಎಂದು ರೋಬೋಟ್ ವಿಜ್ಞಾನಿ ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು. "ಈಗಿನವು ಬೀಳೂದಿಲ್ರಿ, ಪಲ್ಟಿ ಹೊಡೀತಾವ" ಎಂದ. ನಿಜ, ಒಪ್ಪಿದೆ. ಒಂದೇ ಅಳತೆಯ ಬಾತ್‌ರೂಮ್‌ಗಳಿರುವ ಹೊಸ ಅಪಾರ್ಟ್‌ಮೆಂಟ್‌ಗೆ ಯಂತ್ರ ಬೇಗ ಬರಬಹುದು. ಪೈಪ್ ಒಳಗೆ ಹೋಗುವ ಕ್ಯಾಮೆರಾ ಬಂದೇ ಬಿಟ್ಟಿದೆ. ಕೇರಳದಲ್ಲಿ ಮ್ಯಾನ್‌ಹೋಲ್ ಸ್ವಚ್ಛ ಮಾಡುವ ಬ್ಯಾಂಡಿಕೂಟ್ ರೋಬೋಟ್ ಮಾಡಿದ್ದಾರೆ. ಅದು ಎಲ್ಲ ಊರಿಗೂ ಬರಲಿ. ಮನುಷ್ಯರನ್ನು ಆ ಗುಂಡಿಗೆ ಇಳಿಸುವುದು ಒಂದು ದಿನವೂ ಮುಂದುವರಿಯಬಾರದು. ಹುಡುಗನೂ "ಹೌದ್ರಿ" ಅಂದ. ಅವನಪ್ಪ ಕೇಳಿಸಿಕೊಂಡಂಥ ಗೋಡೆಗೆ ಮಾತ್ರ ಯಂತ್ರ ಅಷ್ಟು ಬೇಗ ಬರಲಾರದು ಎಂದೆ. ಬರುವುದೇ ಇಲ್ಲ ಎಂದು ಹೇಳಲಿಲ್ಲ.

ಮೂರನೇ ಭೇಟಿಯಲ್ಲಿ ಒಳಗಿನದು ಹೊರಬಂತು. ಅಪ್ಪನಿಗೆ 48. ಕುಕ್ಕರುಗಾಲಲ್ಲಿ ಕೂತು ಕೂತು ಮೊಣಕಾಲು ಹೋಗಿದೆ. ರಾತ್ರಿ ನರಳುವುದು ಮಗನಿಗೆ ಕೇಳುತ್ತದೆ. "ನನ್ನ ಕಾಲೂ ಹಂಗ ಆಗ್ತಾವು. ಅಷ್ಟೊತ್ತಿಗೆ ರೋಬೋಟ್ ಬಂದಿರ್ತದ. ಮುಂದ?"

ನಾನು ಕೊಟ್ಟ ಸಲಹೆ ಇಷ್ಟು. ಮುಂದೆ ಯಂತ್ರ ಬರುತ್ತದಾ ಎನ್ನುವ ಪ್ರಶ್ನೆಯನ್ನೂ ಈ ವರ್ಷದ ಪರೀಕ್ಷೆಯನ್ನೂ ಒಂದೇ ಗಂಟು ಕಟ್ಟಬೇಡ. ಪರೀಕ್ಷೆ ಮುಗಿಸು. ವಿಡಿಯೊ ಬೇಕಿದ್ದರೆ ಹಗಲು ಅರ್ಧ ತಾಸು ನೋಡು, ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿರಲಿ. ಪೈಪ್ ಕ್ಯಾಮೆರಾ, ಸೋಲಾರ್ ಹೀಟರ್, ಮೋಟಾರ್ ಸ್ಟಾರ್ಟರ್ ಕಲಿ. ಮೊದಲ ದುಡಿಮೆಯಲ್ಲಿ ಎರಡು ಜೊತೆ ಮೊಣಕಾಲಿನ ಪ್ಯಾಡ್ ತಗೋ, ಒಂದು ಅಪ್ಪನಿಗೆ.

ಇನ್ನೊಂದು ಕೆಲಸ ಇಬ್ಬರಿಗೂ ಕೊಟ್ಟೆ. ಭಾನುವಾರ ಜೊತೆಯಾಗಿ ಹೋಗಿ ಊರಿನ ಒಂದು ಗಂಜ್, ಅಂದರೆ ಹಳೇ ನೀರಿನ ಗೋಪುರ, ನೋಡಿ ಬರಬೇಕು. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ, 1651ರ ಕೆರೆ ಬೇಗಂ ತಲಾಬ್‌ನಿಂದ ಊರಿಗೆ ನೀರು ಬರುತ್ತಿತ್ತು. ಮಣ್ಣಿನ ಕೊಳವೆ ಒಡೆಯದಂತೆ ಒತ್ತಡ ಇಳಿಸಲು ಕಟ್ಟಿದ ಗೋಪುರಗಳು ಅವು. ಇಬ್ಬರೂ ದಿನಾ ಹಾದು ಹೋಗುತ್ತಿದ್ದರು, ನಿಂತು ನೋಡಿರಲಿಲ್ಲ. ಬರುವಾಗ ಚಹಾ ಅಂಗಡಿಯಲ್ಲಿ ಅಪ್ಪ ತಾವಾಗಿ ಮಾತು ತೆಗೆದರಂತೆ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಪೈಪ್‌ಗೆ ಥ್ರೆಡ್ ಹಾಕುವುದರಲ್ಲಿ ಅವರ ಕೈ ಹೆಸರುವಾಸಿ. ಅಂಟಿಸುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಬಂದಾಗ ಇನ್ನು ತಮ್ಮ ಕಥೆ ಮುಗಿಯಿತು ಎಂದು ಎಷ್ಟೋ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ಥ್ರೆಡ್ ಹಾಕುವ ಡೈ ಸೆಟ್ ಈಗಲೂ ಮನೆಯಲ್ಲಿದೆ. ಮಗನಿಗೆ ಇದು ಮೊದಲ ಸಲ ಗೊತ್ತಾಯಿತು.

ಹುಡುಗ ಪರೀಕ್ಷೆ ಬರೆದ. ನಿದ್ದೆ ಸುಧಾರಿಸಿದೆ. ವಿಡಿಯೊ ಈಗಲೂ ನೋಡುತ್ತಾನೆ, ಅಪ್ಪನಿಗೂ ತೋರಿಸುತ್ತಾನೆ. ತಂದೆಗೆ ಮೊಣಕಾಲಿನ ಎಕ್ಸ್‌ರೇ ತೆಗೆಸಿ ಎಂದು ಎರಡು ಸಲ ಹೇಳಿದ್ದೇನೆ. ಇನ್ನೂ ತೆಗೆಸಿಲ್ಲ.